ಎಂಟಿಂಚಿನ ಡಾಬ್ಸೋನಿಯನ್‌ನ ಎಳ್ಳಮವಾಸ್ಯೆಗೆ ಕುಷ್ಟಗಿ ಕಡೆ ಒಯ್ಯಬೇಕು. ಹೆಂಗೆ ಒಯ್ಯೋದು, ಎಲ್ಲಿ ಇಡೋದು?

ಬಳ್ಳಾರಿ ಚುಕ್ಕಿ

ನನ್ನ ಹತ್ರ ಎಂಟಿಂಚು ಅಗಲದ ಕನ್ನಡಿ ಇರೋ ಡಾಬ್ಸೋನಿಯನ್ ಟೆಲಿಸ್ಕೋಪ್ ಐತೆ, ಬೇಸ್ ಮೇಲಿಟ್ಟು ಕೈಯಲ್ಲೇ ತಿರುಗಿಸೋದು. ಎಫ್/6, ಅಂದ್ರೆ ಫೋಕಲ್ ಲೆಂತ್ ಕನ್ನಡಿ ಅಗಲದ ಆರು ಪಟ್ಟು, 1200 ಮಿಮೀ, ಕನ್ನಡಿ ಚೆನ್ನಾಗೈತೆ. ಬಳ್ಳಾರಿಯಲ್ಲಿ ಮಾಳಿಗೆ ಮೇಲಿಟ್ರೆ ಚಂದ್ರ, ಗುರು, ಶನಿ ಬಿಟ್ಟು ಹೆಚ್ಚೇನೂ ದಕ್ಕಲ್ಲ. ಪಶ್ಚಿಮಕ್ಕೆ ತೋರಣಗಲ್ಲಿನ ಬೆಳಕು ಬೇರೆ ಹಬ್ಬಿರುತ್ತೆ.

ಈ ಸಲ ಎಳ್ಳಮವಾಸ್ಯೆಗೆ ಅಕ್ಕನ ಊರಿಗೆ ಹೊರಟಿದೀವಿ, ಕುಷ್ಟಗಿ ತಾಲೂಕಿನ ಸಣ್ಣ ಹಳ್ಳಿ. ಹೆಂಗೂ ಚರಗ ಚೆಲ್ಲೋಕೆ ಊರಿಗೆ ಊರೇ ಹೊಲದಲ್ಲಿರುತ್ತೆ, ರಾತ್ರಿ ಚಂದ್ರನ ಕಾಟ ಇರಲ್ಲ. ಅಲ್ಲಿನ ಶಾಲೆ ಹುಡುಗ್ರಿಗೆ ಆಕಾಶ ತೋರಿಸ್ಬೇಕು ಅಂತ ಬಹಳ ಆಸೆ.

ತೊಡಕು ಏನಂದ್ರೆ, ನಮ್ಮ ಹತ್ರ ಕಾರಿಲ್ಲ. ಟ್ಯೂಬು ನಾಲ್ಕಡಿ ಉದ್ದ, ಹತ್ತು ಕೆಜಿ ಹತ್ರ. ಬೇಸ್ ಅದಕ್ಕಿಂತ ಒಂದು ಕೈ ಭಾರ. ಬಸ್ಸಾ, ಬಾಡಿಗೆ ಗಾಡಿನಾ? ಇನ್ನೊಂದು, ಹಿಂದೆ ಸಂಡೂರಿಗೆ ಟಾಟಾ ಏಸ್‌ನಲ್ಲಿ ಒಯ್ದಾಗ ಇಳಿಸಿ ನೋಡಿದ್ರೆ ನಕ್ಷತ್ರಕ್ಕೆಲ್ಲ ಬಾಲ ಬಂದಿತ್ತು. ಆಮೇಲೆ ಜಾಗ: ಊರ ಹಿಂದೆ ಸಮತಟ್ಟಾದ ಹಾಸುಬಂಡೆ ಐತೆ. ಅದರ ಮೇಲಿಡ್ಲಾ, ಹೊಲದಲ್ಲಿಡ್ಲಾ? ಒಯ್ದು ಅನುಭವ ಇದ್ದೋರು ಹೇಳ್ರಿ.

ಎಡದಂಡೆ ನಾಲೆ

ಬಸ್ ಬ್ಯಾಡ್ರಿ. ಬಾಡಿಗಿ ಕಾರ್ ಮಾಡ್ರಿ. ಬೇಸ್ ಡಿಕ್ಕಿಗೆ ಹೋದ್ರ ಏನೂ ಆಗಂಗಿಲ್ಲ, ಟ್ಯೂಬ್ ಮಾತ್ರ ಹಿಂದಿನ ಸೀಟಿನ ಮ್ಯಾಲ ಅಡ್ಡ ಮಲಗಬೇಕು. ಕೆಳಗೊಂದು ಕೌದಿ, ಮ್ಯಾಲೊಂದು ಕೌದಿ, ಸೀಟ್ ಬೆಲ್ಟ್ ಎರಡೂ ಕಡೆಯಿಂದ ಎಳದು ಬಿಗೀರಿ. ಫೋಕಸರ್ (ಕಣ್ಣಿಡೋ ಕೊಳವಿ) ಇರೋ ಮಗ್ಗಲ ಮ್ಯಾಲಕ್ಕ ಬರಬೇಕು, ಇಲ್ಲಂದ್ರ ಟ್ಯೂಬಿನ ಭಾರ ಎಲ್ಲಾ ಅದರ ಮ್ಯಾಲ ಬೀಳತೈತಿ. ಫೈಂಡರ್, ಅಂದ್ರ ಗುರಿ ಹಿಡಿಯೋ ಸಣ್ಣ ದುರ್ಬೀನು, ಬಿಚ್ಚಿ ಬ್ಯಾಗಿನಾಗ ಇಟ್ಕೋರಿ.

ಗಾಡಿ ಗೊತ್ತು ಮಾಡೋ ಮುಂಚೆ ಒಳಗ ಬಾಗಿಲಿನಿಂದ ಬಾಗಿಲಿಗೆ ಟೇಪ್ ಹಿಡದು ನೋಡ್ರಿ. ಸಣ್ಣ ಕಾರಿನಾಗ ನಾಲ್ಕಡಿ ಟ್ಯೂಬ್ ಕೂಡಂಗಿಲ್ಲ.

ಮುದಗಲ್ ಕೋಟೆ

ಬೈಕ್ ಮ್ಯಾಲ ಹಿಂದ ಒಬ್ಬರು ತೊಡಿ ಮ್ಯಾಲ ಹಿಡ್ಕೊಂಡು ಕುಂತ್ರ ಆಗ್ತದಲ್ಲ? ಖರ್ಚು ಉಳೀತದ.

ಎಡದಂಡೆ ನಾಲೆ

@ಮುದಗಲ್ ಕೋಟೆ ನಾಲ್ಕಡಿ ಟ್ಯೂಬ್ ಅಡ್ಡ ಹಿಡ್ಕೊಂಡು ಹೈವೇ ಮ್ಯಾಲ? ಬಾಜೂಕ ಒಂದು ಲಾರಿ ಹಾದು ಹೋದ್ರ ಸಾಕು, ಆ ಗಾಳಿಗೆ ಹ್ಯಾಂಡಲ್ ತಪ್ಪತೈತಿ. ಟೆಲಿಸ್ಕೋಪ್ ಹೋದ್ರ ಇನ್ನೊಂದು ಬರತೈತಿ. ದಯವಿಟ್ಟು ಯಾರೂ ಮಾಡಬ್ಯಾಡ್ರಿ.

ಮುದಗಲ್ ಕೋಟೆ

ನಾ ಹೇಳಿದ್ದು ಐದಿಂಚಿನ ಟೇಬಲ್‌ಟಾಪ್ ಲೆಕ್ಕದಾಗ. ಅದು ಬೆನ್ನ ಚೀಲದಾಗ ಕೂಡ್ತದ. ಲಿಂಗಸುಗೂರು, ಮಸ್ಕಿ, ಹಟ್ಟಿ ಎಲ್ಲಾ ಕಡೆ ಬೈಕ್ ಮ್ಯಾಲೇ ತಿರುಗ್ಯಾಡ್ತೀವಿ. ಎಂಟಿಂಚು ಬ್ಯಾರೆ ಮಾತು, ಒಪ್ಪಿದೆ. ಆದ್ರ ಹೊಸದಾಗಿ ತಗೊಳ್ಳೋರು ಇದನ್ನ ಓದಲಿ: ಮನಿಯಾಗ ಕಾರಿಲ್ಲಂದ್ರ ದೊಡ್ಡ ಕನ್ನಡಿ ಅಂತ ಓಡಬ್ಯಾಡ್ರಿ. ಹೊರಗ ಒಯ್ಯೋ ಐದಿಂಚು, ಮೂಲ್ಯಾಗ ನಿಂತ ಎಂಟಿಂಚಿಗಿಂತ ಹೆಚ್ಚು ತೋರಸ್ತದ.

ರೈಲ್ವೆ ಕಾಲೋನಿ

ರೈಲು ಯಾಕೆ ಯಾರೂ ಹೇಳ್ತಿಲ್ಲ? ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆಜಿ ತನಕ ಲಗೇಜ್ ಫ್ರೀ. ಡಾಬ್ ಪೂರ್ತಿ ಸೇರಿಸಿದ್ರೂ ಅಷ್ಟಾಗಲ್ಲ. ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಮೇಲೇ ಹೋಗುತ್ತೆ. ತಳಕಲ್‌ನಿಂದ ಕುಷ್ಟಗಿಗೂ 2025ರಿಂದ ರೈಲು ಐತೆ.

ಎಡದಂಡೆ ನಾಲೆ

ರೈಲಿನಾಗ ಅಲುಗಾಟ ಕಡಿಮಿ, ಖರೆ. ಆದ್ರ ಬಳ್ಳಾರಿಯಾಗ ಏರಸಬೇಕು, ನಡುವ ಇಳಿಸಿ ಬ್ಯಾರೆ ಗಾಡಿಗೆ ಏರಸಬೇಕು, ಕುಷ್ಟಗಿಯಾಗ ಇಳಿಸಿ ಮತ್ತ ಆಟೋ. ಪೆಟ್ಟು ಬೀಳೋದು ಓಡೋವಾಗ ಅಲ್ಲ, ಏರಸಿ ಇಳಸೋವಾಗ. ಮನಿ ಬಾಗಿಲಿನಿಂದ ಮನಿ ಬಾಗಿಲಿಗೆ ಒಂದ ಗಾಡಿ ಇದ್ರ ಛಲೋ.

ಕಿನ್ನಾಳ ಬಣ್ಣ

ಬಾಲದ ವಿಷಯಕ್ಕ ಬರ್ತೀನಿ. ಮೊದಲು ಒಂದು ಹೇಳ್ರಿ ಅಣ್ಣಾ, ಬಾಲ ಬಂದಿದ್ದು ನಡುವಿನ ನಕ್ಷತ್ರಕ್ಕೂ ಬಂದಿತ್ತೋ, ಬರೇ ಅಂಚಿನಾಗೋ?

ಬಳ್ಳಾರಿ ಚುಕ್ಕಿ

ನಡುವಿಗೆ ತಂದು ಇಟ್ರೂ ಬಾಲ ಇತ್ತು. ಎಲ್ಲಾ ಒಂದೇ ದಿಕ್ಕಿಗೆ.

ಕಿನ್ನಾಳ ಬಣ್ಣ

ಹಂಗಾರ ಕಾಲಿಮೇಶನ್, ಅಂದ್ರ ಎರಡೂ ಕನ್ನಡಿ ಒಂದಕ್ಕೊಂದು ನೇರ ಕೂಡೋದು, ತಪ್ಪೈತಿ. ಬರೇ ಅಂಚಿನಾಗ, ಹೊರಗ ಹೋದಂಗೆಲ್ಲ ಬಾಲ ಬೆಳದಿದ್ರ ಅದು ಕೋಮಾ. ನ್ಯೂಟನ್ ಮಾದರಿ ಟೆಲಿಸ್ಕೋಪಿಗೆ ಅದು ಹುಟ್ಟಿನಿಂದ ಬಂದ ಗುಣ, ಎಫ್/6ನಾಗ ಅಷ್ಟು ಕಾಡಂಗಿಲ್ಲ. ಟಾಟಾ ಏಸ್‌ನ ಹಿಂದಿನ ಪಟ್ಟಿ ಸ್ಪ್ರಿಂಗು ಮಾಲು ಹೇರಿದಾಗ ಮೆತ್ತಗಾಗೋದು. ಖಾಲಿ ಗಾಡಿಯಾಗ ಒಂದು ಟ್ಯೂಬ್ ಇಟ್ರ ಪ್ರತಿ ತೆಗ್ಗೂ ಕನ್ನಡಿಗೆ ಮುಟ್ಟತೈತಿ.

ಮಾಡೋದು ಹಿಂಗ. ಹೊರಡೋ ಮುಂಚೆ ದೊಡ್ಡ ಕನ್ನಡಿ ಕೆಳಗಿನ ಲಾಕ್ ಸ್ಕ್ರೂ ಹಿತವಾಗಿ ಬಿಗಿ ಮಾಡ್ರಿ. ಅಲ್ಲಿ ಇಳಿಸಿದ ಮ್ಯಾಲ, ಬೆಳಕಿರೋವಾಗ್ಲೇ, ಲಾಕ್ ಸಡ್ಲ ಮಾಡಿ ಫೋಕಸರಿನಾಗ ಕಾಲಿಮೇಶನ್ ಲೇಸರ್ ಹಾಕ್ರಿ. ಮೊದಲು ಮ್ಯಾಲಿನ ಸಣ್ಣ ಕನ್ನಡಿ: ಅದರ ಮೂರು ಸ್ಕ್ರೂ ತಿರುವಿ ಕೆಂಪು ಚುಕ್ಕಿ ದೊಡ್ಡ ಕನ್ನಡಿ ನಡುವಿನ ಉಂಗುರದೊಳಗ ಕೂಡಸಬೇಕು. ಆಮ್ಯಾಲ ದೊಡ್ಡ ಕನ್ನಡಿ ಹಿಂದಿನ ಸ್ಕ್ರೂ ತಿರುವಿ, ಹೊಳ್ಳಿ ಬರೋ ಚುಕ್ಕಿ ಲೇಸರಿನ ತೂತಿಗೇ ಬಂದು ಬೀಳಂಗ ಮಾಡಬೇಕು. ಮುಗೀತು. ಕೈ ಕೂಡಿದ ಮ್ಯಾಲ ಐದು ನಿಮಿಷದ ಕೆಲಸ.

ಸಣ್ಣ ಕನ್ನಡಿ ಸ್ಕ್ರೂ ಮುಟ್ಟೋವಾಗ ಟ್ಯೂಬ್ ಮಲಗಿಸಿರಬೇಕು. ನಿಂದ್ರಿಸಿ ಮಾಡಿದ್ರ ಅಲೆನ್ ಕೀ ಕೈ ತಪ್ಪಿ ನೇರ ದೊಡ್ಡ ಕನ್ನಡಿ ಮ್ಯಾಲ ಬೀಳತೈತಿ. ಕೀಗೆ ಒಂದು ದಾರ ಕಟ್ಟಿ ಮುಂಗೈಗೆ ಸುತ್ಕೋರಿ.

ರಾಯಚೂರು ಬಿಸಲು

ಲೇಸರ್ ನಂಬಬ್ಯಾಡ್ರಿ ಅಂತೀನಿ ನಾ. ಅಗ್ಗದ ಲೇಸರ್ ತಾನೇ ಸೊಟ್ಟ ಇರ್ತದ. ಫೋಕಸರಿನಾಗ ಹಾಕಿ ಒಂದು ಸುತ್ತು ತಿರುವಿ ನೋಡ್ರಿ: ಚುಕ್ಕಿ ಒಂದೇ ಕಡೆ ನಿಂತ್ರ ಸರಿ, ಕನ್ನಡಿ ಮ್ಯಾಲ ವೃತ್ತ ಬರದ್ರ ಲೇಸರೇ ಸುಳ್ಳು. ಅದಕ್ಕಿಂತ ಫೋಕಸರಿಗೆ ಹಾಕಿ ಕಣ್ಣಿಟ್ಟು ನೋಡೋ, ನಡುವ ತೂತು ಕೊರೆದ ಕ್ಯಾಪ್ ಮೇಲು, ಸೆಲ್ಲೂ ಬೇಡ.

ಕಿನ್ನಾಳ ಬಣ್ಣ

ಕ್ಯಾಪಿಗೆ ಹಗಲ ಬೆಳಕು ಬೇಕು. ಕತ್ತಲಾಗಿ ಊರು ಮುಟ್ಟಿದ್ರ ಏನ್ ಮಾಡ್ತೀರಿ? ಎರಡೂ ಇರಲಿ. ಕೊನೀಗೆ ನಕ್ಷತ್ರದ ಮ್ಯಾಲೇ ಪರೀಕ್ಷೆ: ಒಂದು ಹೊಳೆಯೋ ನಕ್ಷತ್ರ ನಡುವಿಗೆ ತಂದು ಫೋಕಸ್ ಸ್ವಲ್ಪ ಕೆಡಿಸಿದ್ರ ಉಂಗುರಗಳು ಒಂದರೊಳಗೊಂದು ಸಮ ಕೂಡಬೇಕು.

ರಾಯಚೂರು ಬಿಸಲು

ಅದಕ್ಕ ಕನ್ನಡಿ ಮೊದ್ಲ ತಣ್ಣಗಾಗಿರಬೇಕಲ್ಲ. ನಮ್ಮ ಕಡೆ ಗಾಡಿಯೊಳಗ ಕುದ್ದಿರ್ತದ. ಇಳಿಸಿದ ಕೂಡಲೇ ನೋಡಿ ಕಾಲಿಮೇಶನ್ ಹೋಗ್ಯದ ಅಂತ ಸ್ಕ್ರೂ ತಿರುವೋರನ್ನ ಬಹಳ ಕಂಡೀನಿ. ಎಂಟಿಂಚಿಗೆ ಮುಕ್ಕಾಲು ತಾಸು, ಒಂದು ತಾಸು ಬಿಡ್ರಿ. ಸೂರ್ಯ ಮುಳುಗೋ ಹೊತ್ತಿಗೆ ಹೊರಗ ಇಟ್ಟುಬಿಡ್ರಿ.

ವಿಜ್ಞಾನ ಟೀಚರ್

ಸೂರ್ಯ ಮುಳುಗುವ ಮುಂಚೆ ಹೊರಗಿಟ್ಟರೆ ಮುಚ್ಚಳ ಹಾಕಿಯೇ ಇರಬೇಕು. ಮಕ್ಕಳು ಸುತ್ತ ಇರುತ್ತಾರೆ. ಯಾರೋ ಕುತೂಹಲಕ್ಕೆ ಟ್ಯೂಬನ್ನು ಬಿಸಿಲಿನತ್ತ ತಿರುಗಿಸಿ ಕಣ್ಣಿಟ್ಟರೆ ಆ ಕಣ್ಣು ಮತ್ತೆ ಬರುವುದಿಲ್ಲ. ಕಾರಿನ ಸೀಟಿನ ಮೇಲೂ ಅಷ್ಟೇ: ತೆರೆದ ಕನ್ನಡಿಗೆ ಕಿಟಕಿಯ ಬಿಸಿಲು ಬಿದ್ದರೆ ಎದುರಿನ ಬಟ್ಟೆ ಸುಡುತ್ತದೆ. ಫೈಂಡರಿನ ಮುಚ್ಚಳವನ್ನು ಮರೆಯಬೇಡಿ, ಅದೂ ಮಸೂರವೇ.

ಬಳ್ಳಾರಿ ಚುಕ್ಕಿ

ಮೇಡಂ, ಇದು ನನ್ನ ತಲೆಯಲ್ಲೇ ಇರ್ಲಿಲ್ಲ. ಥ್ಯಾಂಕ್ಸ್. ಹಾಸುಬಂಡೆ ವಿಷಯ ಯಾರಾದ್ರೂ ಹೇಳ್ರಿ.

ಸಂಡೂರು ಗುಡ್ಡ

ಬಂಡೆ ಚೆನ್ನಾಗೈತೆ. ಅಲುಗಲ್ಲ, ಧೂಳಿಲ್ಲ, ಕುಂದ್ರೋಕೆ ಜಾಗ ಐತೆ.

ಆನೆಗೊಂದಿ ದಾರಿ

ಇಲ್ಲ, ಬಂಡೆ ಬೇಡವೇ ಬೇಡ. ಆನೆಗೊಂದಿ, ಸಣಾಪುರ ಸುತ್ತ ನಾವು ಬಂಡೆ ಮೇಲೂ ಇಟ್ಟಿದ್ದೇವೆ, ಕೆಳಗೆ ಹುಲ್ಲಿನ ಮೇಲೂ ಇಟ್ಟಿದ್ದೇವೆ. ಗ್ರಾನೈಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನ ಬಿಡುತ್ತದೆ. ಬರಿಗಾಲಲ್ಲಿ ನಿಂತರೆ ರಾತ್ರಿ ಒಂಬತ್ತಕ್ಕೂ ಬೆಚ್ಚಗಿರುವುದು ಗೊತ್ತಾಗುತ್ತದೆ. ಆ ಶಾಖ ಮೇಲೇಳುವಾಗ ಟೆಲಿಸ್ಕೋಪಿನ ಮುಂದೆಯೇ ಗಾಳಿ ಕದಡುತ್ತದೆ. ಗುರುವನ್ನು ನೋಡಿದರೆ ಕುದಿಯುವ ನೀರಿನ ತಳದಲ್ಲಿಟ್ಟ ನಾಣ್ಯ ನೋಡಿದಂತೆ ಇರುತ್ತದೆ, ಪಟ್ಟೆಗಳು ನಿಲ್ಲುವುದೇ ಇಲ್ಲ. ಅದೇ ರಾತ್ರಿ ಬಂಡೆಯಿಂದ ಇಳಿದು ಹುಲ್ಲಿನ ಬಯಲಿಗೆ ಹೋದರೆ ಚಿತ್ರ ನಿಲ್ಲುತ್ತದೆ.

ಬಂಡೆ ಸಂದಿನಲ್ಲಿ ಚೇಳು, ಹಾವು ಬೇರೆ. ಕೆಂಪು ಬೆಳಕಿನಲ್ಲಿ ಕಾಣುವುದೂ ಕಷ್ಟ. ಆನೆಗೊಂದಿ ಗುಡ್ಡಗಳ ಕಡೆ ಚಿರತೆ ಓಡಾಟ ಇದೆ, ಅಲ್ಲಿ ರಾತ್ರಿ ಕೂರುವವರು ಅದನ್ನೂ ಲೆಕ್ಕದಲ್ಲಿಡಿ.

ಸಂಡೂರು ಗುಡ್ಡ

ನೀಹಾರಿಕೆ, ನಕ್ಷತ್ರಗುಚ್ಛ ನೋಡೋರಿಗೆ ಗಾಳಿ ಕದಡಿದ್ರೆ ಅಷ್ಟೇನು? 48 ಪಟ್ಟು ಹಿಗ್ಗಿಸಿ ನೋಡುವಾಗ ಅದು ಕಾಣೋದೇ ಇಲ್ಲ.

ಆನೆಗೊಂದಿ ದಾರಿ

ಕಡಿಮೆ ಪಟ್ಟಿನಲ್ಲಿ ಅಷ್ಟು ಕಾಣುವುದಿಲ್ಲ, ಸರಿ. ಆದರೆ ಮಕ್ಕಳು ಬಂದರೆ ಗ್ರಹ ತೋರಿಸಲೇಬೇಕಾಗುತ್ತದೆ.

ಎರೆ ಹೊಲ

ಎಳ್ಳಮವಾಸಿ ಹೊತ್ತಿಗೆ ಎರೆ ಹೊಲದಾಗ ಜ್ವಾಳ ಆಳೆತ್ತರ ನಿಂತಿರತೈತಿ. ನಡುವ ಹೋದ್ರ ಸುತ್ತ ಏನೂ ಕಾಣಂಗಿಲ್ಲ, ಕಡ್ಲಿ ಹೊಲ ಆದ್ರ ತೆರವು. ಬೆಳಿ ನಿಂತ ಹೊಲದಾಗ ಹುಡುಗ್ರ ದಂಡು ಹೊಕ್ಕರ ರೈತ ಸುಮ್ಮನಿರ್ತಾನೇನ್ರಿ? ಅದಕ್ಕ ಕಣ ನೋಡ್ರಿ. ಬಡದು ಗಟ್ಟಿ ಮಾಡಿದ ನೆಲ, ಸಮ ಇರತೈತಿ. ಸುತ್ತ ಜ್ವಾಳ ನಿಂತಿದ್ರ ಗಾಳಿಗೂ ಮರೆ.

ಎರೆ ನೆಲ ಒಣಗಿದ್ರ ಬಿರುಕು ಬಿಡತೈತಿ, ಹಸಿ ಇದ್ರ ಇಳೀತೈತಿ. ಡಾಬ್‌ನ ಮೂರು ಕಾಲಿನ ಕೆಳಗ ಮೂರು ಶಹಾಬಾದ್ ಕಲ್ಲಿನ ತುಂಡು ಇಡ್ರಿ, ಒಂದೊಂದು ಅಂಗೈ ಅಗಲ ಸಾಕು. ಹಿಂದಿನ ದಿನ ಮಳಿ ಬಿದ್ದಿದ್ರ ಗಾಡಿ ಹೊಲದ ದಾರಿಗೆ ಇಳಸಬ್ಯಾಡ್ರಿ, ಟ್ರ್ಯಾಕ್ಟರ್ ಬರೋತನಕ ಅಲ್ಲೇ.

ಮುದಗಲ್ ಕೋಟೆ

ಡಾಂಬರ್ ರಸ್ತೆಯಿಂದ ಕಣದತನಕ ಟ್ರ್ಯಾಕ್ಟರ್ ಟ್ರಾಲಿ ಮ್ಯಾಲ ಇಟ್ರ?

ಕಿನ್ನಾಳ ಬಣ್ಣ

ಅದೊಂದು ಬ್ಯಾಡ. ಟ್ರಾಲಿಗೆ ಸ್ಪ್ರಿಂಗೇ ಇರಂಗಿಲ್ಲ. ಇಬ್ಬರು ಟ್ಯೂಬ್ ಹಿಡೀರಿ, ಇಬ್ಬರು ಬೇಸ್, ನಡದ ಹೋಗ್ರಿ.

ದೊಡ್ಡಾಟದ ಲೈಟು

ನಾನು ಬಯಲಾಟಕ್ಕೆ, ನಾಟಕಕ್ಕೆ ಲೈಟ್ ಹಾಕೋನು, ಟೆಲಿಸ್ಕೋಪ್ ಗೊತ್ತಿಲ್ಲ. ಕೆಂಪು ಬೆಳಕು ಅಂತಿದೀರಲ್ಲ, ಅದಕ್ಕೆ ದುಡ್ಡು ಕೊಟ್ಟು ಟಾರ್ಚ್ ತರಿಸಬೇಡ್ರಿ. ಲೈಟಿಗೆ ಹಾಕೋ ಕೆಂಪು ಜಿಲೆಟಿನ್ ಕಾಗದ ಎರಡು ಮೂರು ಮಡಿಕೆ ಮಾಡಿ ಟಾರ್ಚಿನ ಬಾಯಿಗೆ ರಬ್ಬರ್ ಹಾಕಿ ಕಟ್ರಿ. ಒಂದೇ ಪದರ ಹಾಕಿದ್ರೆ ಬೆಳಕು ಕಿತ್ತಳೆಗೆ ತಿರುಗಿ ಕಣ್ಣು ಕುಕ್ಕುತ್ತೆ. ಯಾವ ನಾಟಕ ಕಂಪನಿ ಲೈಟಿನೋರನ್ನ ಕೇಳಿದ್ರೂ ತುಂಡು ಕೊಡ್ತಾರೆ.

ವಿಜ್ಞಾನ ಟೀಚರ್

ಇದು ತುಂಬಾ ಉಪಯೋಗ ಆಯಿತು, ನಮ್ಮ ಶಾಲೆಗೂ ಮಾಡಿಸುತ್ತೇನೆ. ಕಣ್ಣು ಕತ್ತಲೆಗೆ ಹೊಂದಲು 20–30 ನಿಮಿಷ ಬೇಕು, ಒಂದೇ ಒಂದು ಮೊಬೈಲ್ ಪರದೆ ಅದನ್ನು ಕೆಡಿಸುತ್ತದೆ. ಮಕ್ಕಳಿಗಿಂತ ದೊಡ್ಡವರ ಫೋನಿನದೇ ತೊಂದರೆ.

ಆದರೆ ಬಳ್ಳಾರಿಯವರೇ, ನನ್ನದೊಂದು ತಕರಾರು. ಶಾಲೆ ಮಕ್ಕಳಿಗೆ ಅಮಾವಾಸ್ಯೆ ಯಾಕೆ? ಮಕ್ಕಳು ಮೊದಲು ಕೇಳುವುದೇ ಚಂದ್ರನನ್ನು. ಕುಳಿಗಳ ಅಂಚಿನ ನೆರಳು ಕಂಡಾಗ ಅವರ ಬಾಯಿಂದ ಬರುವ ಉದ್ಗಾರ ಆಂಡ್ರೊಮೆಡಾ ಗೆಲಾಕ್ಸಿ ತೋರಿಸಿದರೆ ಬರುವುದಿಲ್ಲ. ಆಂಡ್ರೊಮೆಡಾ ಅವರಿಗೆ ಬಿಳಿ ಮಸುಕು ಅಷ್ಟೇ. ಅಮಾವಾಸ್ಯೆ ಕಳೆದು ಪಂಚಮಿ ಹೊತ್ತಿಗೆ ಬನ್ನಿ: ಸಂಜೆ ಚಂದ್ರ ಇರುತ್ತಾನೆ, ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ, ಆಮೇಲೆ ಕತ್ತಲೆ ನಿಮಗೇ.

ಸಂಡೂರು ಗುಡ್ಡ

ಒಪ್ಪಲ್ಲ. ಚಂದ್ರನ್ನ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲೂ ತೋರಿಸಬಹುದು. ಕತ್ತಲೆ ಅಂಥ ಹಳ್ಳಿಯಲ್ಲೇ ಸಿಗೋದು. ಅಷ್ಟು ದೂರ ಒಯ್ದು ಚಂದ್ರನ ಬೆಳಕಿನಲ್ಲಿ ನಿಂದ್ರೋದಾ?

ವಿಜ್ಞಾನ ಟೀಚರ್

ಆ ಹಳ್ಳಿಯ ಮಕ್ಕಳು ಬಳ್ಳಾರಿ ಬಸ್ ಸ್ಟ್ಯಾಂಡಿಗೆ ಬರುವುದಿಲ್ಲವಲ್ಲ ಸರ್. ಕತ್ತಲೆ ಅವರಿಗೆ ದಿನಾ ಇದೆ, ಟೆಲಿಸ್ಕೋಪ್ ಇಲ್ಲ.

ಎರೆ ಹೊಲ

ಮೇಡಂ ಮಾತು ಖರೆ ಐತಿ. ನಮ್ಮ ಹುಡುಗ್ರು ಸಪ್ತರ್ಷಿ, ಕೃತ್ತಿಕೆ, ಧ್ರುವ ಎಲ್ಲಾ ಬಲ್ಲರು. ಚಂದ್ರನ ಹತ್ರದಿಂದ ನೋಡಿಲ್ಲ.

ಟ್ರ್ಯಾಕಿಂಗ್ ಮೌಂಟ್

ನಡುವೆ ಒಂದು ಪ್ರಶ್ನೆ. ನಾನು ಫೋಟೋ ತೆಗೆಯುವವನು, ಧ್ರುವದ ಕಡೆ ಅಕ್ಷ ಇಟ್ಟು ನಕ್ಷತ್ರದ ಜೊತೆ ತಿರುಗುವ ಈಕ್ವಟೋರಿಯಲ್ ಮೌಂಟ್ ಇದೆ. ಬೆಂಗಳೂರಿನಿಂದ ಕೊಪ್ಪಳಕ್ಕೆ ಬಂದಾಗೆಲ್ಲ ಸಮತೂಕದ ಭಾರ ಹಾಕುವ ಕೌಂಟರ್‌ವೇಟ್ ಸರಳು ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಬೆಂಗಳೂರಿನಲ್ಲೂ ಇದೇ ಗೋಳು. ಬೇರೆಯವರಿಗೂ ಆಗಿದೆಯಾ?

ಕಿನ್ನಾಳ ಬಣ್ಣ

ಎಲ್ಲಾರಿಗೂ ಆಗತೈತಿ. ಧ್ರುವ ನಕ್ಷತ್ರದ ಎತ್ತರ ಅಂದ್ರ ನಮ್ಮ ಅಕ್ಷಾಂಶ. ಬಳ್ಳಾರಿ, ಕೊಪ್ಪಳಕ್ಕ 15 ಡಿಗ್ರಿ ಮ್ಯಾಲ ಸ್ವಲ್ಪ, ರಾಯಚೂರಿಗೆ 16. ಆ ಮೌಂಟ್ ಹೆಚ್ಚಾಗಿ ಯುರೋಪು, ಅಮೆರಿಕದ 40, 50 ಡಿಗ್ರಿಗೆ ಮಾಡಿದ್ದು. ಇಲ್ಲಿ ಅದರ ಅಕ್ಷ ಬಹುತೇಕ ಮಲಗಿಬಿಡತೈತಿ, ಭಾರ ಉತ್ತರದ ಕಡೆ ನೇರ ಕೆಳಗ ಇಳೀತೈತಿ. ಟ್ರೈಪಾಡಿನ ಕಾಲು ಉತ್ತರಕ್ಕ ಬರದಂಗ ತಿರುವಿ, ಎರಡು ಕಾಲಿನ ನಡುವಿನ ಸಂದು ಉತ್ತರಕ್ಕ ಬರಲಿ. ಸಾಲದಿದ್ರ ನಡುವ ಒಂದು ಪಿಲ್ಲರ್ ತುಂಡು ಹಾಕ್ರಿ. ಭಾರ ಮುಂದಕ್ಕ ವಾಲಿರತೈತಿ, ನಡುವ ನೀರಿನ ಕ್ಯಾನ್ ಕಟ್ಟಿ ಇಳಿಬಿಡ್ರಿ.

ಆನೆಗೊಂದಿ ದಾರಿ

15 ಡಿಗ್ರಿ ಅಂದರೆ ಉತ್ತರಕ್ಕೆ ಒಂದು ಗುಡ್ಡ ಇದ್ದರೆ ಧ್ರುವ ಕಾಣುವುದೇ ಇಲ್ಲ. ಆನೆಗೊಂದಿ ಕಡೆ ಎಷ್ಟೋ ಜಾಗದಲ್ಲಿ ಹೀಗೇ. ಹಗಲಲ್ಲೇ ದಿಕ್ಸೂಚಿ ಹಿಡಿದು ಉತ್ತರ ನೋಡಿಕೊಂಡು ಜಾಗ ಆರಿಸಿ. ಕುಷ್ಟಗಿ, ಯಲಬುರ್ಗಾ ಬಯಲು ಇದಕ್ಕೆ ವಾಸಿ, ಆದರೆ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿರುತ್ತದೆ. ಕಣ್ಣಿಗೆ ಅಡ್ಡಿಯಿಲ್ಲ, ಫೋಟೋದಲ್ಲಿ ಬರುತ್ತದೆ.

ಟ್ರ್ಯಾಕಿಂಗ್ ಮೌಂಟ್

ಕಾಲು ತಿರುಗಿಸುವುದು ಹೊಳೆದೇ ಇರಲಿಲ್ಲ, ಈ ವಾರ ನೋಡುತ್ತೇನೆ. ತಗ್ಗಿನ ಅಕ್ಷಾಂಶದ ಲಾಭವನ್ನೂ ಹೇಳಬೇಕು: ಏಪ್ರಿಲ್, ಮೇ ರಾತ್ರಿ ಒಮೆಗಾ ಸೆಂಟಾರಿ ಕೊಪ್ಪಳದಲ್ಲಿ 27 ಡಿಗ್ರಿ ಏರುತ್ತದೆ. ದಿಲ್ಲಿಯವರಿಗೆ 14. ಸುಮಾರು 17,000 ಜ್ಯೋತಿರ್ವರ್ಷ ದೂರದ ಈ ಗೋಳಗುಚ್ಛ (ನಕ್ಷತ್ರಗಳ ಉಂಡೆ) ಎಂಟಿಂಚಿನಲ್ಲಿ ಕಾಳು ಕಾಳಾಗಿ ಒಡೆಯುತ್ತದೆ.

ಹಿರೇಬೆಣಕಲ್

ಜಾಗ ಅಂದರೆ ಹಿರೇಬೆಣಕಲ್ ಬೆಟ್ಟ ಯಾಕೆ ಬಿಟ್ಟಿರಿ? ಸಾವಿರಾರು ವರ್ಷ ಹಳೆಯ ಕಲ್ಲುಮನೆಗಳ ನಡುವೆ ಕೂತು ಆಕಾಶ ನೋಡಬೇಕು. ಇಟಗಿ ಮಹಾದೇವ ದೇವಸ್ಥಾನದ ಅಂಗಳವೂ ಇದೆ, 1112ರ ಗುಡಿ.

ಆನೆಗೊಂದಿ ದಾರಿ

ಎರಡೂ ಸಂರಕ್ಷಿತ ಸ್ಮಾರಕ. ರಾತ್ರಿ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಹಿರೇಬೆಣಕಲ್‌ಗೆ ಹತ್ತಿ ಹೋಗಬೇಕು, ಬೇಸ್ ಹೊತ್ತು ಯಾರು ಹತ್ತುತ್ತಾರೆ?

ಹಿರೇಬೆಣಕಲ್

ಅನುಮತಿ ಕೇಳಿದರೆ ಸಿಗಬಹುದು ಅಂತ ನನ್ನ ಅನಿಸಿಕೆ. ಆ ಕಲ್ಲುಮನೆಗಳ ದಿಕ್ಕಿಗೂ ಸೂರ್ಯನಿಗೂ ಸಂಬಂಧ ಇರಬೇಕು, ಯಾರಾದರೂ ಕೂತು ಅಳೆಯಬೇಕು.

ವಿಜ್ಞಾನ ಟೀಚರ್

ಅಳೆಯಬೇಕು, ಸರಿ. ಅಳೆಯುವ ಮುಂಚೆ "ಇರಬೇಕು" ಅನ್ನಬೇಡಿ. ಸಂಜೆ ಬೆಟ್ಟದ ಕೆಳಗೇ ಬೈನಾಕ್ಯುಲರ್ ಹಿಡಿದು ಕೂರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಸಿಂಧನೂರು ಭತ್ತ

ನೀರಾವರಿ ಕಡೆ ಇಡೋರಿಗೆ ಒಂದು ಮಾತು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಭತ್ತದ ಗದ್ದಿ ಹತ್ರ ಡಿಸೆಂಬರ್, ಜನವರಿದಾಗ ರಾತ್ರಿ ಮಂಜು ಬೀಳ್ತದ. ಡಾಬ್‌ನ ದೊಡ್ಡ ಕನ್ನಡಿ ಟ್ಯೂಬಿನ ತಳದಾಗ ಇರೋದ್ರಿಂದ ಬೇಗ ಮಸುಕಾಗಂಗಿಲ್ಲ. ಮೊದಲು ಹೋಗೋದು ಫೈಂಡರ್, ಐಪೀಸ್ (ಕಣ್ಣಿಡೋ ಮಸೂರ), ಆಮ್ಯಾಲ ಸಣ್ಣ ಕನ್ನಡಿ. ಬಟ್ಟಿ ಹಾಕಿ ಒರಸಬ್ಯಾಡ್ರಿ. ಐಪೀಸ್ ಜೇಬಿನಾಗ ಬೆಚ್ಚಗ ಇಟ್ಕೋರಿ. ಯೋಗಾ ಚಾಪಿ ಕೊಯ್ದು ಟ್ಯೂಬಿನ ಬಾಯಿಗೆ ಒಂದಡಿ ಮುಂದ ಬರಂಗ ಸುತ್ತಿದ್ರ ಮಂಜೂ ತಡೀತದ, ಅಡ್ಡ ಬೆಳಕೂ ತಡೀತದ. ಕೊಯ್ಲು ಮುಗದು ಹುಲ್ಲು ಸುಡೋ ಹೊತ್ತಿಗೆ ಬರಬ್ಯಾಡ್ರಿ, ದಿಗಂತ ಎಲ್ಲಾ ಹೊಗಿ.

ಸಂಡೂರು ಗುಡ್ಡ

ನಮ್ಮ ಕಡೆ ಮಂಜಿಗಿಂತ ಅದಿರಿನ ಕೆಂಪು ಧೂಳು. ಕನ್ನಡಿ ಮೇಲೆ ಕೂತ್ರೆ ಎಲ್ಲರಿಗೂ ಒರಸೋ ಆಸೆ. ಅದಿರಿನ ಹರಳು ಗಟ್ಟಿ, ಒರಸಿದ ಕಡೆ ಗೀರು ಬೀಳುತ್ತೆ. ರಬ್ಬರ್ ಬ್ಲೋವರ್ ಹಿಡಿದು ಊದಿ, ಸಾಕು. ಸ್ವಲ್ಪ ಧೂಳಿದ್ರೆ ಚಿತ್ರಕ್ಕೆ ಏನೂ ಆಗಲ್ಲ. ತೀರಾ ಆದಾಗ ಬಿಚ್ಚಿ, ಹರಿಯೋ ನೀರಿನಲ್ಲಿ ತೊಳೆದು, ಕೊನೆಗೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸುರಿದು ಓರೆ ನಿಲ್ಲಿಸಿ ಒಣಗಿಸಬೇಕು.

ಬೇಸ್ ತಿರುಗುವಾಗ ಜಗ್ಗಿ ಜಗ್ಗಿ ತಿರುಗಿದ್ರೆ ಅದೂ ಧೂಳೇ. ನಡುವಿನ ಬೋಲ್ಟ್ ಬಿಚ್ಚಿ, ಸನ್‌ಮೈಕಾ ಮತ್ತು ಟೆಫ್ಲಾನ್ ತುಂಡು ಒರಸಿ ಮತ್ತೆ ಕೂಡಿಸ್ರಿ.

ರೈಲ್ವೆ ಕಾಲೋನಿ

ಈ ಟೆಫ್ಲಾನ್, ಪ್ಲೈವುಡ್ ಬೇಸ್ ಬಳಕೆಗೆ ತಂದ ಜಾನ್ ಡಾಬ್ಸನ್ 23 ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದ ವೇದಾಂತ ಮಠದಲ್ಲಿ ಸನ್ಯಾಸಿ ಆಗಿದ್ದರು, ರಾಮಕೃಷ್ಣ ಪರಂಪರೆಯ ಮಠ. 1967ರಲ್ಲಿ ಅಲ್ಲಿಂದ ಹೊರಬಂದು ಬೀದಿಬದಿಯಲ್ಲಿ ಟೆಲಿಸ್ಕೋಪ್ ಇಟ್ಟು ಹೋಗೋ ಬರೋ ಜನಕ್ಕೆ ಚಂದ್ರ, ಶನಿ ತೋರಿಸ್ತಾ ನಿಂತರು. 2014ರಲ್ಲಿ ತೀರಿಕೊಂಡರು.

ವಿಜ್ಞಾನ ಟೀಚರ್

ನೋಡಿ, ಅವರೂ ಜನಕ್ಕೆ ಚಂದ್ರನನ್ನು ತೋರಿಸಿದರು.

ಬಳ್ಳಾರಿ ಚುಕ್ಕಿ

ಮೇಡಂ, ನೀವು ಹೇಳಿದ್ದು ನಿನ್ನೆಯಿಂದ ಯೋಚನೆ ಮಾಡ್ತಿದೀನಿ. ಅಕ್ಕನ ಜೊತೆ ಮಾತಾಡಿದೆ. ಟೆಲಿಸ್ಕೋಪ್ ಅಲ್ಲೇ ಬಿಟ್ಟು ಬರ್ತೀನಿ. ಎಳ್ಳಮವಾಸ್ಯೆ ರಾತ್ರಿ ಕಣದಲ್ಲಿ ಮನೆಮಂದಿಗೆ, ಊರಿನ ದೊಡ್ಡೋರಿಗೆ. ಐದು ದಿನ ಬಿಟ್ಟು ಪಂಚಮಿಗೆ ನಾನೊಬ್ಬನೇ ಬಸ್ಸಿಗೆ ಹೋಗಿ ಶಾಲೆ ಮೈದಾನದಲ್ಲಿ ಹುಡುಗ್ರಿಗೆ ಚಂದ್ರ ತೋರಿಸಿ, ಮಾರನೇ ದಿನ ವಾಪಸ್ ತರ್ತೀನಿ. ಗಾಡಿ ಖರ್ಚು ಅಷ್ಟೇ, ರಾತ್ರಿ ಎರಡು. ಐದು ದಿನ ಮನೆಯಲ್ಲಿ ಎಲ್ಲಿ ಇಡ್ಲಿ?

ಎರೆ ಹೊಲ

ಪತ್ರಾಸಿನ ಕೆಳಗ ಬ್ಯಾಡ, ಹಗಲು ಕಾಯ್ತೈತಿ. ಕಾಳಿನ ಚೀಲದ ಕೋಣಿ ಬ್ಯಾಡ, ಧೂಳು, ಇಲಿ. ಪಡಸಾಲಿ ಮೂಲ್ಯಾಗ ಬೇಸ್ ಮ್ಯಾಲೇ ನಿಂದ್ರಿಸಿ ಹಳೇ ಸೀರಿ ಹೊಚ್ರಿ. ಅಡಗಿಮನಿ ಹೊಗಿ ತಾಗಬಾರ್ದು.

ವಿಜ್ಞಾನ ಟೀಚರ್

ಬಹಳ ಸಂತೋಷ. ಶಾಲೆಯ ರಾತ್ರಿಗೆ ಎರಡು ಮೂರು ವಿಷಯ. 25 ಮಿಮೀ ಐಪೀಸ್ ಒಂದೇ ಹಾಕಿಡಿ, 48 ಪಟ್ಟು. ಅದರಲ್ಲಿ ವಸ್ತು ಅಂಚಿನಿಂದ ಅಂಚಿಗೆ ಜರುಗಲು ನಾಲ್ಕು ನಿಮಿಷ ಹಿಡಿಯುತ್ತದೆ, ಒಂದಿಷ್ಟು ಮಕ್ಕಳು ನೋಡಿದ ಮೇಲೆ ಒಮ್ಮೆ ಸರಿಸಿದರೆ ಸಾಕು. 10 ಮಿಮೀ ಹಾಕಿದರೆ ಎರಡು ನಿಮಿಷವೂ ನಿಲ್ಲುವುದಿಲ್ಲ, ಸಾಲು ಕರಗುವುದಿಲ್ಲ. ಪಕ್ಕದಲ್ಲಿ ಗಟ್ಟಿ ಕುರ್ಚಿಯೊಂದನ್ನು ಬೆನ್ನು ಈ ಕಡೆ ಬರುವಂತೆ ಇಡಿ. ಕೈಗೆ ಹಿಡಿಯಲು ಏನಾದರೂ ಸಿಕ್ಕರೆ ಮಕ್ಕಳು ಫೋಕಸರ್ ಹಿಡಿಯುವುದಿಲ್ಲ. ಸಣ್ಣವರಿಗೆ ಒಂದು ಮಣೆ. ಮುಖ್ಯೋಪಾಧ್ಯಾಯರಿಗೂ ಪಂಚಾಯಿತಿಗೂ ಮೊದಲೇ ತಿಳಿಸಿದರೆ ಮೈದಾನದ ಬೀದಿದೀಪ ಆರಿಸಿಕೊಡುತ್ತಾರೆ.

ಮುದಗಲ್ ಕೋಟೆ

ಚಂದ್ರ ಮುಳುಗಿದ ಮ್ಯಾಲ 25 ಮಿಮೀದಾಗೇ ಕೃತ್ತಿಕೆ ತೋರಸ್ರಿ, ಹುಡುಗ್ರಿಗೆ ಭಾಳ ಸೇರ್ತದ.

ಕಿನ್ನಾಳ ಬಣ್ಣ

ಕೃತ್ತಿಕೆ ಪೂರ್ತಿ ಅದರಾಗ ಕೂಡಂಗಿಲ್ಲ. ಅದರ ಅಗಲ ಎರಡು ಡಿಗ್ರಿ ಹತ್ರ, ಆ ಐಪೀಸಿನಾಗ ಕಾಣೋದು ಒಂದ ಡಿಗ್ರಿ. ಅದಕ್ಕ ಬೈನಾಕ್ಯುಲರೇ ಬೇಕು. ಡಾಬ್‌ನಾಗ ಮಹಾವ್ಯಾಧನ (ಒರಾಯನ್) ನೀಹಾರಿಕೆ ಹಿಡೀರಿ.

ಯಲಬುರ್ಗಾ ಹುಡುಗ

ಸರ್, ನಾನು ಇಷ್ಟು ದಿನ ಬರೇ ಓದ್ತಿದ್ದೆ. ಡಿಗ್ರಿ ಎರಡನೇ ವರ್ಷ. ನನ್ನ ಹತ್ರ 10x50 ಬೈನಾಕ್ಯುಲರ್ ಐತಿ. ಪಂಚಮಿ ರಾತ್ರಿ ನಾನೂ ಬರ್ಲ್ಯಾ? ಕೃತ್ತಿಕೆ ನಾ ತೋರಸ್ತೀನಿ. ಬೈಕ್ ಐತಿ.

ಬಳ್ಳಾರಿ ಚುಕ್ಕಿ

ಖಂಡಿತ ಬಾ ತಮ್ಮಾ, ಊಟ ಅಕ್ಕನ ಮನೆಯಲ್ಲೇ. ಊರ ಹೆಸರು ಮೆಸೇಜ್ ಮಾಡ್ತೀನಿ. ಬೆಳಕಿರೋವಾಗ್ಲೇ ಮುಟ್ಟಂಗೆ ಹೊರಡು, ಕಾಲಿಮೇಶನ್ ಇಬ್ಬರೂ ಸೇರಿ ಮಾಡೋಣ.

ಎಡದಂಡೆ ನಾಲೆ

ಬರೋ ಗಾಡಿ ಎಲ್ಲಾ ಮೈದಾನಕ್ಕ ಬೆನ್ನು ಮಾಡಿ, ಮಾರಿ ರಸ್ತೆ ಕಡೆ ಇಟ್ಟು ನಿಲ್ಲಸ್ರಿ. ನಡುವ ಯಾರಾದ್ರೂ ಹೊಂಟ್ರ ಹೆಡ್‌ಲೈಟ್ ಹುಡುಗ್ರ ಕಣ್ಣಿಗೆ ಬೀಳಂಗಿಲ್ಲ.